ಬೊಲೆರೋ ವಾಹನದ ಟರ್ಬೊ ಡೀಸೆಲ್ ಎಂಜಿನ್: ಗುಣಲಕ್ಷಣ, ಬಾಳಿಕೆ ಮತ್ತು ನಿರ್ವಹಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ರಸ್ತೆ, ಚರಂಡಿ, ಬೀದಿದೀಪ ಮತ್ತು ಕುಡಿಯುವ ನೀರಿನ ವಿಷಯಗಳು ಚರ್ಚೆಯಾಗುವಂತೆ ವಾಹನದ ಎಂಜಿನ್ ಎಂದಿಗೂ ಚರ್ಚೆಯಾಗುವುದಿಲ್ಲ. ಅದು ಕಾರ್ಯಸೂಚಿಗೆ ಬರುವುದು ದುರಸ್ತಿಯ ಬಿಲ್ಲಿನ ರೂಪದಲ್ಲಿ ಮಾತ್ರ. ಬಿಲ್ಲಿನ ಮೊತ್ತ ದೊಡ್ಡದಾಗಿದ್ದರೆ ಸದಸ್ಯರು ಆಕ್ಷೇಪಿಸುತ್ತಾರೆ, ಚಾಲಕನನ್ನು ಪ್ರಶ್ನಿಸುತ್ತಾರೆ, ಕಡೆಗೆ ಬೇರೆ ದಾರಿಯಿಲ್ಲದೆ ಅನುಮೋದಿಸುತ್ತಾರೆ. ಆದರೆ ಅಂತಹ ಬಿಲ್ಲಿನ ಮೂಲ ಹೆಚ್ಚಿನ ಸಂದರ್ಭಗಳಲ್ಲಿ ಒಂದೆರಡು ವರ್ಷ ಹಿಂದಿನದು. ಮೂರು ದರಪಟ್ಟಿಗಳನ್ನು ತರಿಸಿ, ಯಾವ ದರ್ಜೆಯ ಆಯಿಲ್ ಎಂದು ಕೇಳದೆ, ಎಲ್ಲಕ್ಕಿಂತ ಅಗ್ಗದ್ದನ್ನು ಒಪ್ಪಿದ ದಿನವೇ ಆ ಬಿಲ್ಲು ಹುಟ್ಟಿರುತ್ತದೆ. ಆದ್ದರಿಂದ ಎಂಜಿನ್ನಿನ ವಿಷಯ ಮೆಕ್ಯಾನಿಕ್‌ಗೆ ಸೇರಿದ್ದು, ಸದಸ್ಯರಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ಸರಿಯಲ್ಲ.

ಉದಾಹರಣೆಗಾಗಿ ಇಲ್ಲಿ ಮಹೀಂದ್ರ ಬೊಲೆರೋ ವಾಹನವನ್ನು ಆರಿಸಿಕೊಳ್ಳಲಾಗಿದೆ. 2000ರಲ್ಲಿ ಮಾರುಕಟ್ಟೆಗೆ ಬಂದ ಈ ವಾಹನವನ್ನು ನೋಡದ ಗ್ರಾಮ ರಾಜ್ಯದಲ್ಲಿ ಇರಲಾರದು. ಸರ್ಕಾರಿ ಇಲಾಖೆಗಳಲ್ಲಿ, ಬಾಡಿಗೆ ವಾಹನಗಳ ಸಾಲಿನಲ್ಲಿ, ಸದಸ್ಯರ ಸ್ವಂತ ಮನೆಯಂಗಳದಲ್ಲಿಯೂ ಅದು ಇದೆ. 108 ವಾಹನ ಬರುವುದು ತಡವಾದಾಗ ಹೆರಿಗೆ ನೋವಿನ ಹೆಣ್ಣುಮಗಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ಊರಿನವರು ಬಾಗಿಲು ತಟ್ಟುವುದು ಇಂತಹ ವಾಹನ ಇರುವ ಮನೆಯದೇ. ಅದೇ ಜಾತಿಯ ಸಣ್ಣ ಡೀಸೆಲ್ ಎಂಜಿನ್ನುಗಳು ಅನೇಕ ಸರಕು ವಾಹನಗಳಲ್ಲಿಯೂ ಇರುವುದರಿಂದ, ಇಲ್ಲಿ ಹೇಳುವ ಹೆಚ್ಚಿನ ಮಾತುಗಳು ಡೀಸೆಲ್‌ನಿಂದ ಓಡುವ ಸ್ವಚ್ಛ ವಾಹಿನಿಗಳಿಗೂ ಅನ್ವಯಿಸುತ್ತವೆ.

ಮೊದಲು ಅಂಕಿಗಳನ್ನು ನೋಡಬಹುದು. ಹಳೆಯ ಬೊಲೆರೋಗಳಲ್ಲಿ ಬಹುಕಾಲ ಇದ್ದ ಎಂ2ಡಿಐಸಿಆರ್ ಎಂಬ ಎಂಜಿನ್ನು 2,523 ಸಿ.ಸಿ. ಗಾತ್ರದ, ನಾಲ್ಕು ಸಿಲಿಂಡರಿನ ಎಂಜಿನ್. ಅದರ ಶಕ್ತಿ ಸುಮಾರು 63 ಅಶ್ವಶಕ್ತಿ. 2016ರಲ್ಲಿ ಬೊಲೆರೋ ಪವರ್ ಪ್ಲಸ್ ಎಂಬ ಹೆಸರಿನಲ್ಲಿ 1,493 ಸಿ.ಸಿ. ಗಾತ್ರದ ಮೂರು ಸಿಲಿಂಡರಿನ ಎಂಜಿನ್ ಬಂತು. ವಾಹನದ ಉದ್ದ 4 ಮೀಟರಿಗಿಂತ ಕಡಿಮೆಯಿದ್ದು ಡೀಸೆಲ್ ಎಂಜಿನ್ 1,500 ಸಿ.ಸಿ. ಮೀರದಿದ್ದರೆ ತೆರಿಗೆಯಲ್ಲಿ ಸಣ್ಣ ಕಾರಿನ ವರ್ಗ ದೊರೆಯುತ್ತದೆ ಎಂಬುದು ಈ ಬದಲಾವಣೆಯ ಹಿಂದಿನ ಮುಖ್ಯ ಕಾರಣ. ಎಂಜಿನ್ನಿನ ವಿನ್ಯಾಸವನ್ನು ತೆರಿಗೆ ಪಟ್ಟಿಯೇ ನಿರ್ಧರಿಸಿದ ಉದಾಹರಣೆಗಳಲ್ಲಿ ಇದೂ ಒಂದು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್.-6 ಮಾಲಿನ್ಯ ಮಾನದಂಡ ಜಾರಿಯಾದಾಗ ಅದೇ ಗಾತ್ರದ ಎಂಜಿನ್ ಎಂ-ಹಾಕ್ 75 ಎಂಬ ಹೆಸರಿನಲ್ಲಿ ಬಂತು. ಇದರ ಶಕ್ತಿ ನಿಮಿಷಕ್ಕೆ 3,600 ಸುತ್ತುಗಳಲ್ಲಿ ಸುಮಾರು 75 ಅಶ್ವಶಕ್ತಿ; ಟಾರ್ಕ್ ಎಂದು ಕರೆಯುವ ತಿರುಗುಬಲ 1,600ರಿಂದ 2,200 ಸುತ್ತುಗಳ ನಡುವೆ 210 ನ್ಯೂಟನ್ ಮೀಟರ್.

ಈ ಅಂಕಿಗಳನ್ನು ಮಾರಾಟಗಾರನ ಕರಪತ್ರದಂತೆ ಓದಿ ಬಿಡಬಾರದು. ಹಳೆಯ ಎಂಜಿನ್ ಎರಡೂವರೆ ಲೀಟರ್ ಗಾತ್ರದಿಂದ 63 ಅಶ್ವಶಕ್ತಿ ಕೊಡುತ್ತಿತ್ತು, ಲೀಟರಿಗೆ 25. ಹೊಸದು ಒಂದೂವರೆ ಲೀಟರಿನಿಂದ 75 ಕೊಡುತ್ತದೆ, ಲೀಟರಿಗೆ 50. ಎಂಜಿನ್ನಿನ ಪ್ರತಿಯೊಂದು ಲೀಟರ್ ಗಾತ್ರವೂ ಮೊದಲಿನ ಎರಡರಷ್ಟು ದುಡಿಯುತ್ತಿದೆ ಎಂದಾಯಿತು. ನಾಲ್ಕು ಎತ್ತು ಎಳೆಯುತ್ತಿದ್ದ ಬಂಡಿಯನ್ನು ಮೂರು ಎತ್ತುಗಳು ಇನ್ನೂ ಬೇಗ ಎಳೆಯುತ್ತಿದ್ದರೆ, ಆ ಮೂರಕ್ಕೆ ಹಾಕುವ ಮೇವಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಹಳ್ಳಿಗಳಲ್ಲಿ ಎಂಜಿನ್ ಬದಲಾಗಿದೆ; ಅದನ್ನು ನೋಡಿಕೊಳ್ಳುವ ರೂಢಿ ಮಾತ್ರ ಹಳೆಯ ಜೀಪಿನ ಕಾಲದಲ್ಲಿಯೇ ನಿಂತಿದೆ. ಇಂದಿನ ಬಹುಪಾಲು ದುರಸ್ತಿಗಳು ಈ ಅಂತರದಿಂದ ಹುಟ್ಟುತ್ತವೆ.

ಹೊಸ ಎಂಜಿನ್ನಿಗೆ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉತ್ತರ ಎರಡು ಭಾಗಗಳಲ್ಲಿದೆ: ಟರ್ಬೊ ಮತ್ತು ಕಾಮನ್ ರೈಲ್.

ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಹೊತ್ತಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹೆಚ್ಚು ಡೀಸೆಲ್ ಉರಿಯಬೇಕಾದರೆ ಹೆಚ್ಚು ಗಾಳಿ ಬೇಕು. ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆಯಿಂದ ಒಂದು ಸಣ್ಣ ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುವುದೇ ಟರ್ಬೊ. ಅಂಗೈಯಲ್ಲಿ ಹಿಡಿಯುವ ಗಾತ್ರದ ಈ ಚಕ್ರಗಳು ಪೂರ್ಣ ಭಾರದಲ್ಲಿ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಿ ತಿರುಗುತ್ತವೆ. ಹಿಟ್ಟಿನ ಗಿರಣಿಯ ಮೋಟಾರು ಸಾಮಾನ್ಯವಾಗಿ ಒಂದೂವರೆ ಸಾವಿರದ ಆಸುಪಾಸಿನಲ್ಲಿ ತಿರುಗುತ್ತದೆ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಇಂತಹ ವೇಗದಲ್ಲಿ ಲೋಹ ಲೋಹಕ್ಕೆ ತಾಗುವಂತಿಲ್ಲ. ದಂಡವು ಬೇರಿಂಗಿನೊಳಗೆ ಎಂಜಿನ್ ಆಯಿಲಿನ ತೆಳುಪದರದ ಮೇಲೆ ತೇಲುತ್ತದೆ. ಒಂದು ಬದಿಯಲ್ಲಿ ಕೆಂಪಗೆ ಕಾಯುವಷ್ಟು ಬಿಸಿ, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ, ನಡುವೆ ಕಾಪಾಡುವುದು ಆ ಆಯಿಲ್ ಪದರವೊಂದೇ.

ಹೀಗಾಗಿ ಟರ್ಬೊ ಹಾಳಾಯಿತು ಎಂದಾಗ ಟರ್ಬೊವನ್ನು ದೂರುವ ಮೊದಲು ಆಯಿಲನ್ನು ವಿಚಾರಿಸಬೇಕು. ಎಂಜಿನ್ ಚಾಲೂ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಿ ಬುರ್ರೆನ್ನಿಸುವ ಅಭ್ಯಾಸ ಅನೇಕ ಚಾಲಕರಿಗಿದೆ. ಆ ಕ್ಷಣದಲ್ಲಿ ಆಯಿಲ್ ಇನ್ನೂ ಟರ್ಬೊವನ್ನು ತಲುಪಿರುವುದಿಲ್ಲ. ಅರ್ಧ ನಿಮಿಷ ಸುಮ್ಮನೆ ಓಡಲು ಬಿಟ್ಟರೆ ಸಾಕು. ಅದೇ ರೀತಿ ಚಾರ್ಮಾಡಿ ಅಥವಾ ಆಗುಂಬೆಯಂತಹ ಘಾಟಿಯನ್ನು ತುಂಬಿದ ಗಾಡಿಯೊಡನೆ ಹತ್ತಿ ಬಂದು, ಮೇಲಿನ ಚಹಾದಂಗಡಿಯ ಮುಂದೆ ತಕ್ಷಣ ಕೀಲಿ ತಿರುಗಿಸಿ ನಿಲ್ಲಿಸಬಾರದು. ಆಯಿಲಿನ ಹರಿವು ನಿಲ್ಲುತ್ತದೆ, ಟರ್ಬೊ ಇನ್ನೂ ಕಾದಿರುತ್ತದೆ, ಒಳಗೆ ಉಳಿದ ಆಯಿಲ್ ಸುಟ್ಟು ಕರಕಾಗಿ ಅಂಟಿಕೊಳ್ಳುತ್ತದೆ. ಒಂದೆರಡು ನಿಮಿಷ ಖಾಲಿ ಓಡಿಸಿ ನಿಲ್ಲಿಸುವುದರಿಂದ ಖರ್ಚಾಗುವ ಡೀಸೆಲ್ ಗಣನೆಗೆ ಬಾರದಷ್ಟು. ಊರೊಳಗೆ ನಿಧಾನವಾಗಿ ಬಂದು ನಿಂತ ಗಾಡಿಗೆ ಈ ಕಾಯುವಿಕೆಯ ಅಗತ್ಯವಿಲ್ಲ. ಅಲ್ಲಿ ಅದು ಬರಿಯ ಇಂಧನ ನಷ್ಟ.

ಟರ್ಬೊವಿನ ಸೀಲು ಕೆಟ್ಟಾಗ ಅಪರೂಪಕ್ಕೆ ಅಪಾಯಕಾರಿ ಸಂದರ್ಭವೊಂದು ಎದುರಾಗುತ್ತದೆ. ಸೋರಿದ ಆಯಿಲ್ ಗಾಳಿಯೊಡನೆ ಸಿಲಿಂಡರಿಗೆ ಹೋಗಿ ಅದೇ ಇಂಧನವಾಗಿ ಉರಿಯತೊಡಗುತ್ತದೆ. ಆಗ ಕೀಲಿ ತೆಗೆದರೂ ಎಂಜಿನ್ ನಿಲ್ಲದೆ ಏರುದನಿಯಲ್ಲಿ ಅರಚುತ್ತದೆ, ದಟ್ಟ ಹೊಗೆ ಕಾರುತ್ತದೆ. ಚಾಲಕನು ಗಾಬರಿಯಿಂದ ಬಾನೆಟ್ ತೆರೆದು ಕೈ ಹಾಕುವುದು ಸಲ್ಲದು. ಬ್ರೇಕನ್ನು ಪೂರ್ತಿ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಅತಿ ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಅದು ಸಾಧ್ಯವಾಗದಿದ್ದರೆ ಎಲ್ಲರೂ ಇಳಿದು ದೂರ ಸರಿಯಬೇಕು. ಪಂಚಾಯಿತಿಯ ವಾಹನ ಚಾಲಕರಿಗೆ ಇದನ್ನು ಒಮ್ಮೆಯಾದರೂ ತಿಳಿಸಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ಯೋಚಿಸಲು ಸಮಯ ಸಿಗುವುದಿಲ್ಲ.

ಎರಡನೆಯದು ಕಾಮನ್ ರೈಲ್. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಡೀಸೆಲ್ ಪಂಪಿಗೆ ಇಂದಿಗೂ ಮೈಕೋ ಪಂಪ್ ಎಂಬ ಹೆಸರೇ ಇದೆ. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯೇ ಮೈಕೋ. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಹಳೆಯ ಪಂಪ್ ಪ್ರತಿಯೊಂದು ಸಿಲಿಂಡರಿಗೂ ಸರದಿಯಂತೆ ಡೀಸೆಲ್ ಒತ್ತುತ್ತಿತ್ತು. ಈಗಿನ ವ್ಯವಸ್ಥೆಯಲ್ಲಿ ಒಂದೇ ಕೊಳವೆಯಲ್ಲಿ ಡೀಸೆಲ್ ಸದಾ ಅಧಿಕ ಒತ್ತಡದಲ್ಲಿ ತುಂಬಿರುತ್ತದೆ. ಯಾವ ಇಂಜೆಕ್ಟರ್ ಯಾವಾಗ, ಎಷ್ಟು ಹೊತ್ತು ತೆರೆಯಬೇಕೆಂದು ಇ.ಸಿ.ಯು. ಎಂಬ ಗಣಕ ನಿರ್ಧರಿಸುತ್ತದೆ. ಈ ಜಾತಿಯ ಎಂಜಿನ್ನುಗಳಲ್ಲಿ ಒತ್ತಡ 1,600 ಬಾರ್ ಅಥವಾ ಅದಕ್ಕೂ ಮೇಲೆ ಹೋಗುತ್ತದೆ. ಗಾಡಿಯ ಟೈರಿನಲ್ಲಿರುವುದು ಎರಡು, ಎರಡೂವರೆ ಬಾರ್ ಮಾತ್ರ. ಇಂಜೆಕ್ಟರಿನ ತುದಿಯ ತೂತುಗಳು ಮಿಲಿಮೀಟರಿನ ಹತ್ತನೇ ಒಂದು ಭಾಗದ ಸುಮಾರಿನವು. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಇಂಜೆಕ್ಟರೂ ನಿಮಿಷಕ್ಕೆ 1,000 ಸರದಿಗಳಲ್ಲಿ ಇಂಧನ ಚಿಮ್ಮಬೇಕು.

ಇಷ್ಟು ಸೂಕ್ಷ್ಮ ಯಂತ್ರಕ್ಕೆ ಮೂರು ಶತ್ರುಗಳು: ನೀರು, ಧೂಳು ಮತ್ತು ಕಲಬೆರಕೆ. ಇಂಜೆಕ್ಟರ್ ಮತ್ತು ಪಂಪಿನ ಒಳಭಾಗಗಳಿಗೆ ಬೇರೆ ಆಯಿಲ್ ಇಲ್ಲ. ಡೀಸೆಲ್ಲಿನ ಜಿಡ್ಡೇ ಅವುಗಳ ಲೇಪ. ಸೀಮೆಎಣ್ಣೆ ಬೆರೆತರೆ ಆ ಜಿಡ್ಡು ಕಡಿಮೆಯಾಗಿ ಲೋಹ ಸವೆಯುತ್ತದೆ. ಹಳೆಯ ಎಂಜಿನ್ ಇದನ್ನು ಸ್ವಲ್ಪ ಹೊಗೆ, ಸ್ವಲ್ಪ ಸದ್ದಿನೊಂದಿಗೆ ಸಹಿಸಿಕೊಳ್ಳುತ್ತಿತ್ತು, ಹೊಸದು ಸಹಿಸುವುದಿಲ್ಲ. ಟ್ರ್ಯಾಕ್ಟರಿಗಾಗಿ ಬ್ಯಾರಲ್ಲಿನಲ್ಲಿ ತಂದಿಟ್ಟ ಡೀಸೆಲ್ಲನ್ನು ಅವಸರಕ್ಕೆ ಜೀಪಿಗೆ ಸುರಿಯುವ ಪದ್ಧತಿಯೂ ಹೀಗೆಯೇ. ರಾತ್ರಿ ತಂಪಿಗೆ ಬ್ಯಾರಲ್ಲಿನ ಖಾಲಿ ಭಾಗದ ತೇವ ನೀರಾಗಿ ಇಳಿದು ತಳದಲ್ಲಿ ಕೂಡುತ್ತದೆ. ಇಂಧನ ಫಿಲ್ಟರಿನ ತಳದಲ್ಲಿ ನೀರು ಬೇರ್ಪಡುವ ಜಾಗವಿದ್ದು, ಅದನ್ನು ಕೈಪಿಡಿಯ ಸೂಚನೆಯಂತೆ ಆಗಾಗ ಹೊರಬಿಡಬೇಕು. ಮಳೆಗಾಲದಲ್ಲಿ ಈ ಕೆಲಸ ಇನ್ನೂ ಮುಖ್ಯ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರಿನ ನೀರಿನ ಸೂಚಕ ದೀಪ ಬೆಳಗಿದ ಮೇಲೂ ಸಂತೆಗೆ ಹೋಗಿ ಬರುತ್ತೇನೆ ಎಂದು ಹೊರಟರೆ ನಾಲ್ಕಂಕಿಯ ಖರ್ಚು ಐದಂಕಿ ದಾಟುವ ಸಂಭವವಿದೆ.

ಈಗ ಸಭೆಯ ನಡವಳಿಗೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ, ಎಂದರೆ ಆಯಿಲಿಗೆ ಬರಬಹುದು. ದರಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ‘ಎಂಜಿನ್ ಆಯಿಲ್, ಇಷ್ಟು ಲೀಟರ್, ಇಷ್ಟು ರೂಪಾಯಿ’ ಎಂದು. ಇದು ರಸ್ತೆ ಕಾಮಗಾರಿಯಲ್ಲಿ ‘ಜಲ್ಲಿ, ಇಷ್ಟು ಲೋಡ್’ ಎಂದು ಬರೆದಂತೆ. ಜಲ್ಲಿಯ ಗಾತ್ರ, ಸಿಮೆಂಟಿನ ದರ್ಜೆ ಬರೆಯದ ಅಂದಾಜುಪಟ್ಟಿಗೆ ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ. ಆಯಿಲಿಗೆ ಮಾತ್ರ ಆ ರಿಯಾಯಿತಿ ಏಕೆ ಎಂಬುದು ತಿಳಿಯದು. ಆಯಿಲಿನ ಡಬ್ಬಿಯ ಮೇಲೆ ಎರಡು ಬಗೆಯ ಗುರುತುಗಳಿರುತ್ತವೆ. ಒಂದು ಅದರ ಗಟ್ಟಿತನವನ್ನು ಹೇಳುತ್ತದೆ, ಇನ್ನೊಂದು ಗುಣಮಟ್ಟದ ದರ್ಜೆಯನ್ನು. ಬಿ.ಎಸ್.-6 ಡೀಸೆಲ್ ವಾಹನಗಳಿಗೆ ಬೂದಿಯ ಅಂಶ ಕಡಿಮೆಯಿರುವ ಆಯಿಲ್ ಬೇಕು. ಹಳೆಯ ಜೀಪಿಗೆ ಅಥವಾ ಪಂಪ್‌ಸೆಟ್ಟಿಗೆ ಹಾಕುವ ಆಯಿಲ್ ನೋಡಲು ಅದೇ ಬಣ್ಣದ್ದಾದರೂ ಅದರಲ್ಲಿ ಬೂದಿ ಹೆಚ್ಚು. ಆ ಬೂದಿಯ ಪರಿಣಾಮ ಮುಂದೆ ಬರಲಿದೆ.

ಯಾವಾಗ ಬದಲಿಸಬೇಕು ಎಂಬುದು ಇನ್ನೊಂದು ಪ್ರಶ್ನೆ. ಕೈಪಿಡಿ ಕಿಲೋಮೀಟರ್ ಮತ್ತು ಅವಧಿ ಎರಡನ್ನೂ ಹೇಳಿ, ಯಾವುದು ಮೊದಲು ಬರುವುದೋ ಅದು ಎನ್ನುತ್ತದೆ. ಚಾಲಕರು ನೋಡುವುದು ಕಿಲೋಮೀಟರನ್ನು ಮಾತ್ರ. ರೈತಾಪಿ ಸದಸ್ಯರು ತಮ್ಮ ಟ್ರ್ಯಾಕ್ಟರನ್ನು ನೆನೆಯಬಹುದು: ಅಲ್ಲಿ ಲೆಕ್ಕ ಗಂಟೆಗಳಲ್ಲಿ, ಏಕೆಂದರೆ ಉಳುವ ಟ್ರ್ಯಾಕ್ಟರು ದಿನವಿಡೀ ದುಡಿದರೂ ಕಿಲೋಮೀಟರ್ ಆಗುವುದಿಲ್ಲ. ಅದೇ ನ್ಯಾಯವನ್ನು ವಾಹನಕ್ಕೂ ಹಚ್ಚಿ ನೋಡಬೇಕು. ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ಸರಾಸರಿಯಲ್ಲಿ ಓಡುವ ವಾಹನ 10,000 ಕಿ.ಮೀ. ಮುಟ್ಟಲು 200 ಗಂಟೆ ದುಡಿಯುತ್ತದೆ. ಮನೆಮನೆಯ ಮುಂದೆ ನಿಂತು, ಎಂಜಿನ್ ಚಾಲೂ ಇಟ್ಟುಕೊಂಡು ಕಸ ತುಂಬಿಸುವ ಸ್ವಚ್ಛ ವಾಹಿನಿಯ ಸರಾಸರಿ ಗಂಟೆಗೆ 10 ಕಿ.ಮೀ. ಎಂದು ಹಿಡಿದರೆ ಅಷ್ಟೇ ದೂರಕ್ಕೆ 1,000 ಗಂಟೆ ಬೇಕು. ಓಡೋಮೀಟರಿನಲ್ಲಿ ಎರಡೂ ಒಂದೇ ಅಂಕಿ ತೋರಿಸುತ್ತವೆ. ಆಯಿಲ್ ಪಟ್ಟ ಪಾಡು ಐದು ಪಟ್ಟು ಬೇರೆ. ಆದ್ದರಿಂದ ಇಂತಹ ವಾಹನಗಳಿಗೆ ಕಿಲೋಮೀಟರಿನ ಗಡಿ ಬರುವವರೆಗೆ ಕಾಯದೆ, ತಯಾರಕರು ಕಠಿಣ ಬಳಕೆಗೆ ಸೂಚಿಸುವ ಕಡಿಮೆ ಅಂತರವನ್ನೇ ಪಾಲಿಸುವುದು ಯುಕ್ತ. ಸ್ವಸಹಾಯ ಸಂಘದ ಮಹಿಳೆಯರು ಶ್ರಮವಹಿಸಿ ಚಾಲನೆ ಕಲಿತು ನಡೆಸುತ್ತಿರುವ ಗಾಡಿ ಎಂಜಿನ್ ಕೆಟ್ಟು ಶೆಡ್ಡಿನಲ್ಲಿ ನಿಂತರೆ ಕಸ ಬೀದಿಗೆ ಬರುತ್ತದೆ, ಅವರ ದುಡಿಮೆಯೂ ನಿಲ್ಲುತ್ತದೆ.

ಬಿ.ಎಸ್.-6 ಡೀಸೆಲ್ ವಾಹನಗಳ ಹೊಸ ಅಂಗ ಡಿ.ಪಿ.ಎಫ್. ಎಂಬ ಮಸಿ ಶೋಧಕ. ಹೊಗೆಯಲ್ಲಿನ ಸೂಕ್ಷ್ಮ ಮಸಿಯನ್ನು ಅದು ಜೇನುಗೂಡಿನಂತಹ ರಂಧ್ರಗಳಲ್ಲಿ ಹಿಡಿದಿಡುತ್ತದೆ. ಡೀಸೆಲ್ ಕಾರುಗಳಿಗೆ ಬಿ.ಎಸ್.-4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಗೆ ಅವಕಾಶವಿತ್ತು, ಬಿ.ಎಸ್.-6ರಲ್ಲಿ ಅದು ನಾಲ್ಕೂವರೆ ಮಿಲಿಗ್ರಾಂ. ಇಂಧನದಲ್ಲಿನ ಗಂಧಕವೂ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು. ಶಾಲೆಯ ಮುಂದೆ ನಿಂತ ವಾಹನದ ಹಿಂದೆ ಮಕ್ಕಳು ನಡೆದು ಹೋಗುವುದನ್ನು ಕಂಡವರಿಗೆ ಈ ಇಳಿಕೆಯ ಬೆಲೆ ವಿವರಿಸಬೇಕಿಲ್ಲ.

ಶೋಧಕ ತುಂಬಿದಾಗ ಮಸಿಯನ್ನು ಅಲ್ಲಿಯೇ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿಗಾಗಿ ಎಂಜಿನ್ನು ಸ್ವಲ್ಪ ಹೆಚ್ಚುವರಿ ಡೀಸೆಲ್ಲನ್ನು ತಡವಾಗಿ ಚಿಮ್ಮುತ್ತದೆ. ರಸ್ತೆಯಲ್ಲಿ ಒಂದೇ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ಓಡಿದರೆ ಈ ಸುಡುವ ಕ್ರಿಯೆ ಚಾಲಕನಿಗೆ ತಿಳಿಯದಂತೆಯೇ ಮುಗಿಯುತ್ತದೆ. ಆದರೆ ಮನೆಯಿಂದ ಪಂಚಾಯಿತಿ ಕಚೇರಿಗೆ ಎರಡು ಕಿಲೋಮೀಟರ್, ಅಲ್ಲಿಂದ ಡೇರಿಗೆ ಒಂದು ಕಿಲೋಮೀಟರ್ ಎಂಬಂತೆ ಓಡುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಸುಡಲಾರಂಭಿಸಿ ಮಧ್ಯದಲ್ಲಿ ನಿಂತಾಗಲೆಲ್ಲ ಹೆಚ್ಚುವರಿ ಡೀಸೆಲ್ಲಿನ ಒಂದಂಶ ಸಿಲಿಂಡರಿನ ಗೋಡೆಯಿಂದ ಜಾರಿ ಆಯಿಲಿಗೆ ಸೇರುತ್ತದೆ. ಆಗ ಡಿಪ್‌ಸ್ಟಿಕ್ ಕಡ್ಡಿಯಲ್ಲಿ ಆಯಿಲಿನ ಮಟ್ಟ ಇಳಿಯುವ ಬದಲು ಏರಿರುತ್ತದೆ. ಕೆಲವರು ಇದನ್ನು ಕಂಡು ‘ಗಾಡಿ ಆಯಿಲೇ ಕುಡಿಯುವುದಿಲ್ಲ’ ಎಂದು ಹಿಗ್ಗುವುದುಂಟು. ನೀರು ಬೆರೆತ ಮಜ್ಜಿಗೆ ಹೆಚ್ಚಾದಂತೆ ಆ ಹೆಚ್ಚಳ. ಮಟ್ಟ ಮೇಲಿನ ಗೆರೆಯನ್ನು ದಾಟಿದರೆ ಕೂಡಲೇ ಸರ್ವಿಸ್ ಕೇಂದ್ರಕ್ಕೆ ಒಯ್ಯಬೇಕು.

ಪರಿಹಾರ ಸರಳ. ಊರೊಳಗೆ ಮಾತ್ರ ಓಡುವ ವಾಹನವನ್ನು ಆಗಾಗ ತಾಲ್ಲೂಕು ಕೇಂದ್ರದ ಕೆಲಸಕ್ಕೆ ಹೊಂದಿಸಿ, ಒಂದು ದೂರದ ಓಟ ಕೊಡಬೇಕು. ಮಸಿ ಶೋಧಕದ ದೀಪ ಬೆಳಗಿದಾಗ ಎಂಜಿನ್ ನಿಲ್ಲಿಸದೆ ಕೈಪಿಡಿಯಲ್ಲಿ ಹೇಳಿದಂತೆ ಓಡಿಸಬೇಕು. ಮಸಿ ಸುಡುತ್ತದೆ, ಆದರೆ ಆಯಿಲಿನಿಂದ ಬಂದ ಬೂದಿ ಸುಡುವುದಿಲ್ಲ. ಒಲೆಯ ಬೂದಿಯಂತೆ ಅದು ತಳದಲ್ಲಿ ಉಳಿದು ಶೋಧಕವನ್ನು ಶಾಶ್ವತವಾಗಿ ಕಟ್ಟುತ್ತದೆ. ಅಗ್ಗದ ಆಯಿಲಿನ ಉಳಿತಾಯ ಹೋಗಿ ಸೇರುವ ಸ್ಥಳ ಇದೇ. ಕೆಲವು ಗ್ಯಾರೇಜುಗಳಲ್ಲಿ ಶೋಧಕವನ್ನು ಕಿತ್ತು ಖಾಲಿ ಕೊಳವೆ ಬೆಸೆದುಕೊಡುವ ಸಲಹೆ ಬರುತ್ತದೆ. ತಯಾರಕರ ವಿವರಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವಿದೆ. ಸಾರ್ವಜನಿಕ ಹಣದಿಂದ ಅಂತಹ ಕೆಲಸಕ್ಕೆ ಬಿಲ್ಲು ಪಾವತಿಸಿದರೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸುವುದು ಕಷ್ಟ.

ನೀರು ಮತ್ತು ಧೂಳಿನ ಬಗ್ಗೆ ಸದಸ್ಯರಿಗೆ ಹೆಚ್ಚು ಹೇಳಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೊದಲಾದ ಜಿಲ್ಲೆಗಳ ಕೊಳವೆಬಾವಿ ನೀರು ಪಾತ್ರೆಯಲ್ಲಿ ಬಿಳಿಯ ಗರಣೆ ಕಟ್ಟುವುದನ್ನು ಎಲ್ಲರೂ ಬಲ್ಲರು. ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಒಳಗೂ ಗರಣೆ ಕಟ್ಟಿ ಎಂಜಿನ್ ಕಾಯುತ್ತದೆ. ನಿಗದಿತ ಕೂಲೆಂಟನ್ನು ಖನಿಜರಹಿತ ನೀರಿನೊಡನೆ, ಹೇಳಿದ ಪ್ರಮಾಣದಲ್ಲಿಯೇ ಬಳಸಬೇಕು; ನಡುದಾರಿಯಲ್ಲಿ ಗತಿಯಿಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರು ಕೊಳವೆಬಾವಿಯದಕ್ಕಿಂತ ಎಷ್ಟೋ ಮೇಲು. ಕಾದ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆಯಲೇಬಾರದು. ಮಣ್ಣುರಸ್ತೆ ಮತ್ತು ಕಲ್ಲುಗಣಿ ಪ್ರದೇಶಗಳಲ್ಲಿ ಏರ್ ಫಿಲ್ಟರನ್ನು ಕೈಪಿಡಿಯ ಅವಧಿಗಿಂತ ಮೊದಲೇ ಪರೀಕ್ಷಿಸಬೇಕು. ಅದನ್ನು ನೆಲಕ್ಕೆ ಬಡಿದು ಮತ್ತೆ ಜೋಡಿಸುವುದರಿಂದ ಕಾಗದ ಹರಿದು ಧೂಳು ಟರ್ಬೊವಿನ ರೆಕ್ಕೆಗಳನ್ನು ಸವೆಸುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಪದ್ಧತಿಯ ಬಗ್ಗೆಯೂ ಒಂದು ಮಾತು ಅಗತ್ಯ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇ.ಸಿ.ಯು. ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಾನೇ ತಿರುಗಬೇಕಾದ್ದರಿಂದ ಡೀಸೆಲ್ ಉರಿಯುತ್ತದೆ. ಉಳಿತಾಯ ಎಂದುಕೊಂಡದ್ದು ಖರ್ಚು. ಎಂಜಿನ್ನನ್ನೇ ನಿಲ್ಲಿಸಿ ಇಳಿಯುವವರ ಸ್ಥಿತಿ ಇನ್ನೂ ಗಂಭೀರ. ಡೀಸೆಲ್ ವಾಹನದ ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪ್ ಎಂಜಿನ್ನಿನಿಂದಲೇ ನಡೆಯುತ್ತದೆ. ಎರಡು ಮೂರು ಬಾರಿ ಒತ್ತಿದ ಮೇಲೆ ಬ್ರೇಕ್ ಕಲ್ಲಿನಂತಾಗುತ್ತದೆ.

ಹಳೆಯ ಎಂಜಿನ್ ಗಟ್ಟಿ, ಹೊಸದು ನಾಜೂಕು ಎಂಬ ಮಾತನ್ನು ಎಲ್ಲೆಡೆ ಕೇಳಬಹುದು. ಅದು ಅರ್ಧ ಸತ್ಯ. ಸರಿಯಾದ ಆಯಿಲ್, ಶುದ್ಧ ಇಂಧನ ದೊರೆತರೆ ಹೊಸದೂ ದೀರ್ಘಕಾಲ ಬಾಳುತ್ತದೆ, ಕಡಿಮೆ ಡೀಸೆಲ್ಲಿನಲ್ಲಿ ಹೆಚ್ಚು ದುಡಿಯುತ್ತದೆ. ವ್ಯತ್ಯಾಸವಿರುವುದು ಕೆಡುವ ರೀತಿಯಲ್ಲಿ. ಹಳೆಯದು ತಿಂಗಳುಗಟ್ಟಲೆ ಹೊಗೆ ಬಿಟ್ಟು, ಸದ್ದು ಮಾಡಿ, ಮುನ್ಸೂಚನೆ ಕೊಟ್ಟು ಕೆಡುತ್ತಿತ್ತು. ಹೊಸದರಲ್ಲಿ ಇಂಜೆಕ್ಟರ್ ಸ್ವಲ್ಪ ಸವೆದರೆ ಇ.ಸಿ.ಯು. ಅದನ್ನು ಸರಿದೂಗಿಸಿ ಮುಚ್ಚಿಡುತ್ತದೆ. ಸರಿದೂಗಿಸಲಾಗದ ಹಂತ ಬಂದಾಗ ಎಂಜಿನ್ನನ್ನು ಉಳಿಸಲು ಶಕ್ತಿಯನ್ನು ತಗ್ಗಿಸಿ ಕುಂಟು ನಡಿಗೆಗೆ ಇಳಿಸುತ್ತದೆ. ಚಾಲಕನು ‘ನಿನ್ನೆಯವರೆಗೂ ಚೆನ್ನಾಗಿತ್ತು’ ಎನ್ನುವುದು ಸುಳ್ಳಲ್ಲ. ಆಗ ಊಹೆಯಿಂದ ಒಂದೊಂದೇ ಬಿಡಿಭಾಗ ಬದಲಿಸುತ್ತ ಹೋಗದೆ, ಸ್ಕ್ಯಾನರ್ ಜೋಡಿಸಿ ದೋಷಸಂಕೇತ ಓದಿಸಬೇಕು. ಬ್ಯಾಟರಿ ತಂತಿ ಬಿಚ್ಚಿ ಜೋಡಿಸಿ ದೀಪ ಆರಿಸುವುದು ದುರಸ್ತಿಯಲ್ಲ. ಮೇಲ್ಛಾವಣಿ ಕ್ಯಾರಿಯರ್ ಅಥವಾ ಬಂಪರ್ ಬೆಸೆಯುವಾಗ ಮಾತ್ರ ಬ್ಯಾಟರಿ ತಂತಿಯನ್ನು ತಪ್ಪದೆ ಬಿಚ್ಚಿಡಬೇಕು. ವೆಲ್ಡಿಂಗ್ ವಿದ್ಯುತ್ತಿನಿಂದ ಇ.ಸಿ.ಯು. ಸುಡುವ ಸಂಭವವಿದೆ.

ಕೆಡುವ ಮುನ್ನ ಯಂತ್ರವೇ ಹೇಳದಿದ್ದಾಗ ದಾಖಲೆಯೇ ಹೇಳಬೇಕಾಗುತ್ತದೆ. ಪಂಚಾಯಿತಿಗಳಲ್ಲಿನ ಲಾಗ್‌ಬುಕ್ ಸಾಮಾನ್ಯವಾಗಿ ಹೊರಟ ಸ್ಥಳ, ತಲುಪಿದ ಸ್ಥಳ, ಕಿಲೋಮೀಟರ್, ತುಂಬಿಸಿದ ಡೀಸೆಲ್ ಇಷ್ಟಕ್ಕೆ ಮುಗಿಯುತ್ತದೆ. ಅದು ವಾಹನದ ದುರ್ಬಳಕೆ ತಡೆಯುವ ಪುಸ್ತಕವೇ ಹೊರತು ವಾಹನದ ಆರೋಗ್ಯದ ಪುಸ್ತಕವಲ್ಲ. ವಾರಕ್ಕೊಮ್ಮೆ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ನೆಲದಲ್ಲಿ ಆಯಿಲ್ ಮಟ್ಟ ಮತ್ತು ಕೂಲೆಂಟ್ ಮಟ್ಟ ನೋಡಿ ಬರೆಯಲು ಎರಡು ಕಲಂ ಸೇರಿಸಿದರೆ ಸಾಕು. ಒಂದು ತಿಂಗಳಲ್ಲಿ ಲೀಟರಿಗೆ ಸಿಗುವ ಕಿಲೋಮೀಟರ್ ಥಟ್ಟನೆ ಕುಸಿದಿದ್ದರೆ ಅದು ಕಳ್ಳತನವೇ ಆಗಿರಬೇಕೆಂದಿಲ್ಲ; ಇಂಜೆಕ್ಟರ್, ಟರ್ಬೊ ಕೊಳವೆಯ ಸೋರಿಕೆ ಅಥವಾ ಪದೇ ಪದೇ ಅಪೂರ್ಣವಾಗಿ ನಡೆಯುತ್ತಿರುವ ಮಸಿ ಸುಡುವಿಕೆಯೂ ಕಾರಣವಾಗಿರಬಹುದು. ಚಾಲಕನಿಗೆ ನೋಟಿಸು ಕೊಡುವ ಮುನ್ನ ವಾಹನವನ್ನು ಪರೀಕ್ಷೆಗೆ ಕಳಿಸುವುದು ನ್ಯಾಯ.

ದರಪಟ್ಟಿ ಕರೆಯುವ ಪತ್ರದಲ್ಲಿಯೇ ಇನ್ನು ಮುಂದೆ ಕೆಲವು ಅಂಶಗಳನ್ನು ನಮೂದಿಸಬಹುದು. ವಾಹನದ ಮಾದರಿ, ವರ್ಷ ಮತ್ತು ಬಿ.ಎಸ್. ಹಂತ ಬರೆದು, ಆಯಿಲಿನ ಗಟ್ಟಿತನ ಮತ್ತು ದರ್ಜೆ ಆ ವಾಹನದ ಕೈಪಿಡಿಯಂತೆಯೇ ಇರತಕ್ಕದ್ದೆಂದು ಹೇಳಬೇಕು. ಸೀಲು ಒಡೆಯದ ಡಬ್ಬಿಯನ್ನು ಚಾಲಕನ ಎದುರಿನಲ್ಲಿ ತೆರೆಯಬೇಕು, ಬದಲಿಸಿದ ಹಳೆಯ ಫಿಲ್ಟರುಗಳನ್ನು ಕಚೇರಿಗೆ ಒಪ್ಪಿಸಬೇಕು, ಬಿಲ್ಲಿನಲ್ಲಿ ಓಡೋಮೀಟರ್ ಅಂಕಿ ಇರಬೇಕು. ಇವು ನಮೂದಾಗಿದ್ದರೆ ಕಡಿಮೆ ದರವನ್ನು ಒಪ್ಪುವುದರಲ್ಲಿ ದೋಷವಿಲ್ಲ. ಆಗ ಮೂವರೂ ಒಂದೇ ವಸ್ತುವಿಗೆ ದರ ಹೇಳಿರುತ್ತಾರೆ. ಬಾಡಿಗೆ ವಾಹನ ಪಡೆಯುವಲ್ಲಿ ಮಾಲೀಕರಿಂದ ಕಳೆದ ಎರಡು ಸರ್ವಿಸ್‌ಗಳ ಬಿಲ್ಲಿನ ಪ್ರತಿ ಕೇಳುವುದೂ ಸೂಕ್ತ. ಕೈಪಿಡಿ ಕಳೆದುಹೋಗಿರುವ ವಾಹನಗಳಿಗೆ ಅಧಿಕೃತ ಸರ್ವಿಸ್ ಕೇಂದ್ರದಿಂದ ಇನ್ನೊಂದು ಪ್ರತಿ ಪಡೆದು, ಅದರ ಆಯಿಲ್ ಮತ್ತು ಕೂಲೆಂಟ್ ವಿವರದ ಪುಟವನ್ನು ಲಾಗ್‌ಬುಕ್ಕಿನ ಒಳರಕ್ಷಾಪುಟಕ್ಕೆ ಅಂಟಿಸಿಡಬೇಕು.